ಮುತ್ಯಾನ ಸಂದೂಕದಾಗಿನ ಮಂಡಲ ಪಂಚಾಯ್ತಿ: ಕಲಬುರಗಿಯ ಒಂದು ಸ್ಕ್ಯಾನಿಂಗ್ ಅಂಗಡಿ ರಿವ್ಯೂ

ಮೊದ್ಲೇ ಹೇಳ್ತೀನಿ, ಅಂಗಡಿ ಹೆಸರು ಹಾಕಂಗಿಲ್ಲ. ಅಂಗಡಿ ಭಾಯಿನೇ ಕೈ ಮುಗ್ದು "ಹೆಸರು ಹಾಕಬ್ಯಾಡ್ರಿ ಸರ್, ನಾಳಿಂದ ಎಲ್ಲಾರೂ ತಮ್ ತಮ್ ಮುತ್ಯಾನ ಸಂದೂಕ ಹೊತ್ಕೊಂಡು ಬರ್ತಾರ, ನನಗ ಆಧಾರ್ ಝೆರಾಕ್ಸ್ ಮಾಡ್ಲಾಕೇ ಪುರಸತ್ ಇಲ್ಲ" ಅಂದಾನ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ, ಒಂದು ಹಳಿ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗ, ಇಬ್ಬರು ನಿಂತ್ರ ಮೂರನೇದವ ಹೊರಗ ಬಿಸಲಾಗ ನಿಲ್ಲಬೇಕು ಅಷ್ಟು ಸಣ್ಣ ಜಾಗಾ. ಎರಡು ಝೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಗ್ವಾಡಿ ಮ್ಯಾಲ ಪಾಸ್‌ಪೋರ್ಟ್ ಫೋಟೋ ರೇಟು. ಇಂಥಾ ಅಂಗಡಿ ಬಗ್ಗೆ ಇಷ್ಟುದ್ದ ಯಾಕ ಬರೀಲಾಕತ್ತೀನಿ ಅಂದ್ರ, ಸರ್ಕಾರ ಮಾಡಬೇಕಾದ ಒಂದು ಕೆಲಸ ಇಂವ ಮಾಡ್ಯಾನ, ಅದೂ ಹಾಳಿಗಿ ಮೂರು ರೂಪಾಯಿದಂಗ.

ವಿಷಯ ಏನಂದ್ರ ನಮ್ ಮುತ್ಯಾ 1987ರಿಂದ 92ರ ತನ ನಮ್ಮೂರ ಮಂಡಲ ಪಂಚಾಯ್ತಿ ಪ್ರಧಾನ ಇದ್ದ. ಈಗಿನ ಹುಡುಗ್ರಿಗಿ ಪ್ರಧಾನ ಅಂದ್ರ ದಿಲ್ಲಿ ಪ್ರಧಾನಮಂತ್ರಿನೇ ನೆನಪಾಗ್ತಾರ, ಊರಿಗೊಬ್ಬ ಪ್ರಧಾನ ಇದ್ದ ಕಾಲ ಒಂದಿತ್ತು ಅಂದ್ರ ನಗ್ತಾರ. ರಾಮಕೃಷ್ಣ ಹೆಗಡೆ ಸರ್ಕಾರದಾಗ ಅಬ್ದುಲ್ ನಜೀರ್ ಸಾಬ್ ಅಂತ ಪಂಚಾಯ್ತಿ ರಾಜ್ ಮಂತ್ರಿ ಇದ್ರು, ಊರೂರಿಗಿ ಬೋರ್ ಹಾಕ್ಸಿ ನೀರ್ ಸಾಬ್ ಅಂತ ಹೆಸರು ತಗೊಂಡವರು, ಅವರ ಕಾಲದ್ದು 1983ರ ಕಾಯ್ದೆ, ಅದರ ಪ್ರಕಾರ ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯಾಕ್ಕ ಒಂದು ಮಂಡಲ, ಮ್ಯಾಲ ಜಿಲ್ಲಾ ಪರಿಷತ್ತು. 1987ರ ಜನವರಿದಾಗ ಎಲೆಕ್ಷನ್ ಆಯ್ತು. ಹೆಣ್ಮಕ್ಕಳಿಗಿ ನೂರಕ್ಕ 25 ಸೀಟು ಮೀಸಲು, ದೇಶದಾಗ 73ನೇ ತಿದ್ದುಪಡಿ ಬರೋಕಿಂತ ಐದಾರು ವರ್ಷ ಮೊದ್ಲೇ. ನಮ್ ಮಂಡಲದಾಗೂ ಹೆಣ್ಮಕ್ಕಳು ಗೆದ್ದಿದ್ರು, ಮೀಟಿಂಗಿಗಿ ಬರ್ತಿದ್ರು, ಹೆಬ್ಬಟ್ಟು ಒತ್ತತಿದ್ರು. ಇದೆಲ್ಲಾ ನಾನು ಮುತ್ಯಾನ ಬಾಯಿಂದ ಕೇಳಿದ್ದು, ಖರೇ ಎಷ್ಟು ಸುಳ್ಳೆಷ್ಟು ಗೊತ್ತಿರಲಿಲ್ಲ, ಮುತ್ಯಾಗ ಸ್ವಲ್ಪ ಮಸಾಲಿ ಹಚ್ಚಿ ಹೇಳೋ ಚಟ ಇತ್ತು.

ಹೋದ ಮಳಿಗಾಲದಾಗ ಊರ ಮನಿ ಮಾಳಿಗಿ ಸೋರ್ಲಾಕತ್ತು. ಸಾಮಾನು ತೆಗಿಲಾಕ ಹೋದ್ರ ಕೆಳಗ ಮುತ್ಯಾನ ಕಬ್ಬಿಣ ಸಂದೂಕ. ಮುತ್ಯಾ ತೀರಿಕೊಂಡ ಮ್ಯಾಲ ಯಾರೂ ಮುಟ್ಟಿರಲಿಲ್ಲ, ಕೀಲಿ ಎಲ್ಲಿ ಅದ ಅಂತ ಆಯಿಗೂ ಗೊತ್ತಿರಲಿಲ್ಲ, ಕಡೀಕ ಕಲ್ಲಲೆ ಹೊಡ್ದು ತೆಗ್ದಿವಿ. ಒಳಗ ಬೇವಿನ ತಪ್ಪಲ ಒಣಗಿ ಪುಡಿಪುಡಿ ಆಗಿತ್ತು, ಅದರ ಕೆಳಗ ನಡಾವಳಿ ಪುಸ್ತಕದ ಕಾರ್ಬನ್ ಕಾಪಿ, ಜನತಾ ಮನಿ ಲಿಸ್ಟು, ಜವಾಹರ ರೋಜಗಾರ್ ಯೋಜನೆ ಮಸ್ಟರ್ ರೋಲ್, ಎಮ್ಮೆಲ್ಲೆ ಲೆಟರ್‌ಹೆಡ್ಡಿನ ಪತ್ರ, ಸೈಕ್ಲೋಸ್ಟೈಲ್ ಮಾಡಿದ ಸರ್ಕಾರಿ ಸುತ್ತೋಲೆ, ಮೂರು ಡೈರಿ. ಕೆಳಗಿನ ನಾಕು ಬೆರಳಷ್ಟು ಒರಲಿ ತಿಂದು ಮಣ್ಣು ಮಾಡಿತ್ತು, ಉಳಿದದ್ದು ಉಳಿದಿತ್ತು. ಟಾಚಣಿ ಎಲ್ಲಾ ತುಕ್ಕು ಹಿಡ್ದು ಹಾಳಿಗಿ ಕಂದು ಕಲೆ ಬಿದ್ದಿದ್ವು. ಒಂದು ಅಸಲಿ ಪುಸ್ತಕ ಭಿ ಇತ್ತು, ಮಂಡಲದ ಸಿಕ್ಕಾ ಹೊಡ್ದದ್ದು, ಅದು ಮನಿಗಿ ಹ್ಯಾಂಗ ಬಂತೋ ಮುತ್ಯಾಗೇ ಗೊತ್ತು.

ನಾ ಅಂದ್ಕೊಂಡೆ ಇದರ ಕಾಪಿ ಸರ್ಕಾರದಾಗ ಇರಲೇಬೇಕು, ಐದು ವರ್ಷ ಆರಿಸಿ ಬಂದ ಪಂಚಾಯ್ತಿ, ತಿಂಗಳಾ ಮೀಟಿಂಗ್ ಮಾಡ್ಯಾರ, ರೊಕ್ಕ ಖರ್ಚು ಮಾಡ್ಯಾರ. ಒಂದು ಆಫೀಸಿಗಿ ಹೋದೆ. ಯಾವ ಆಫೀಸು ಅಂತ ಕೇಳಬ್ಯಾಡ್ರಿ. ಅಲ್ಲಿದ್ದವರು ಭಾಳ ಮರ್ಯಾದಿಲಿಂದ ಕೂಡಿಸಿ ಚಾ ಕೊಟ್ಟು, "ನಿಮ್ಮೂರು ಅವಾಗ ಗುಲಬರ್ಗಾ ಜಿಲ್ಲಾ, ಈಗ ಯಾದಗಿರಿ ಜಿಲ್ಲಾ, ಜಿಲ್ಲಾ ಪಾಲಾಗುವಾಗ ಆ ಕಡೆ ಹೋಗಿರಬೇಕ್ರಿ" ಅಂದ್ರು. ಆ ಕಡೆ ಹೋದ್ರ "ಹಳೀವು ಎಲ್ಲಾ ಆ ಕಡೆನೇ ಉಳದಾವ್ರಿ" ಅಂದ್ರು. ಯಾದಗಿರಿ ಬ್ಯಾರೆ ಆಗಿದ್ದು 2009-10ರಾಗ, ನಾ ಕೇಳ್ಲಾಕತ್ತಿದ್ದು ಅದಕ್ಕ ಇಪ್ಪತ್ತು ವರ್ಷ ಹಿಂದಿನದು, ಆದ್ರ ಈ ಜಿಲ್ಲಾ ಪಾಲು ಅನ್ನೋದು ಎಷ್ಟು ಛೊಲೊ ನೆಪ ಅಂದ್ರ ಎರಡೂ ಕಡಿದವರಿಗಿ ಉಪಯೋಗ ಬರ್ತದ. ಅಸಲಿ ಕಾರಣ ಒಬ್ಬ ರಿಟೈರ್ ಆದ ಸೆಕ್ರೆಟರಿ ಹೇಳಿದ್ರು, ಹೆಸರು ಬ್ಯಾಡ. 1993ರ ಹೊಸ ಪಂಚಾಯ್ತಿ ರಾಜ್ ಕಾಯ್ದೆ ಬಂದಾಗ ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಆಯ್ತಲ್ರಿ, ದೊಡ್ಡ ಮಂಡಲ ಒಡ್ದು ಸಣ್ಣ ಸಣ್ಣ ಪಂಚಾಯ್ತಿ, ಟೇಬಲ್ ಕುರ್ಚಿ ಅಲ್ಮಾರಿ ಲೆಕ್ಕ ಹಾಕಿ ಹಂಚಿಕೊಂಡ್ರು, ಕಾಗದ ಯಾರಿಗೂ ಬೇಕಾಗಿರಲಿಲ್ಲ, ಯಾರ ಅಲ್ಮಾರಿದಾಗ ಇತ್ತೋ ಅವರ ಸಂಗಾಟ ಹೋಯ್ತು. ಅಲ್ಮಾರಿ ತಗೊಂಡವ್ರು ಕಾಗದ ತೆಗ್ದು ಹೊರಗ ಇಟ್ರು. ಮುಂದಿಂದು ಮಳಿಗಿ ಗೊತ್ತು.

ಆದ್ರೂ ಸಮಾಧಾನ ಇಲ್ದೆ ಆರ್‌ಟಿಐ ಹಾಕ್ದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ ರಾಜ್ಯದ ನಿಯಮ ಪ್ರಕಾರ ಒಂದೇ ವಿಷಯ, 150 ಶಬ್ದದೊಳಗ (ನನ್ನಂಥ ಮಾತುಗಾರಗ ಇದೇ ದೊಡ್ಡ ಶಿಕ್ಷಾ, ಮೂರು ಸಲ ಬರ್ದು ಹರ್ದೀನಿ). ಬರೋಬ್ಬರಿ ಮೂವತ್ತನೇ ದಿನಕ್ಕ ಉತ್ತರ ಬಂತು, ಒಂದೇ ಲೈನು: ಸದರಿ ಕಡತ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಈ ಲೈನಿನ ಬಗ್ಗೆ ಗೊತ್ತಿರಲಿ, ಆರ್‌ಟಿಐ ಕಾಯ್ದೆದಾಗ ಕೊಡದೆ ಇರ್ಲಾಕ ಕಾರಣ ಅಂತ ಕಲಂ 8ರಾಗ ಪಟ್ಟಿ ಅದ, ಅದರೊಳಗ ಕಡತ ಸಿಗ್ತಿಲ್ಲ ಅನ್ನೋ ಕಾರಣನೇ ಇಲ್ಲ. ಒಂದು ಕಾಲಕ್ಕ ಇದ್ದ ದಾಖಲೆ ಸಿಗ್ಲಿಲ್ಲ ಅಂದ್ರ ಸರಿಯಾಗಿ ಹುಡುಕಬೇಕು, ವಿಚಾರಣೆ ಮಾಡಬೇಕು ಅಂತ ದಿಲ್ಲಿ ಹೈಕೋರ್ಟು 2013ರಾಗ ಹೇಳ್ಯಾದ. ಬೇಕಂದ್ರ ಮೊದಲ ಅಪೀಲು, ಆಮ್ಯಾಲ ಮಾಹಿತಿ ಆಯೋಗಕ್ಕ ಹೋಗಬಹುದು. ನಾ ಹೋಗಲಿಲ್ಲ. ಕಾಗದ ಮನಿದಾಗೇ ಇಟ್ಕೊಂಡು ಆಫೀಸಿನವರ ಮ್ಯಾಲ ಅಪೀಲು ಹಾಕೋದು ಯಾಕೋ ನನಗೇ ಸರಿ ಅನಿಸಲಿಲ್ಲ, ಮುತ್ಯಾನ ಅಸಲಿ ಪುಸ್ತಕದ ಕಥಿ ಬ್ಯಾರೆ ಇತ್ತಲ್ಲ.

ಹಿಂಗಾಗಿ ಅಂಗಡಿಗಿ ಬಂದೆ. ಮೊದಲ ಎರಡು ಅಂಗಡಿದವ್ರು ಹಾಳಿ ನೋಡಿದ ಕೂಡ್ಲೇ "ಲ್ಯಾಮಿನೇಷನ್ ಮಾಡ್ಸಿಬಿಡ್ರಿ, ನೂರು ವರ್ಷ ಬರ್ತದ" ಅಂದ್ರು. ದಯವಿಟ್ಟು ಯಾರೂ ಮಾಡಿಸಬ್ಯಾಡ್ರಿ. ಪ್ಲಾಸ್ಟಿಕ್ಕು ಒಮ್ಮಿ ಬಿಸಿ ಮಾಡಿ ಅಂಟಿಸಿದ್ರ ಮತ್ತ ಬಿಡಸ್ಲಾಕ ಆಗಂಗಿಲ್ಲ, ಒಳಗಿನ ಕಾಗದ ಒಳಗೇ ಸುಡ್ತದ. ಸೆಲ್ಲೋ ಟೇಪ್ ಅದಕ್ಕಿಂತ ಕೆಟ್ಟದ್ದು, ನಾಕು ವರ್ಷಕ್ಕ ಹಳದಿ ಆಗಿ ಅಕ್ಷರ ಸಮೇತ ಕಿತ್ಕೊಂಡು ಬರ್ತದ. ದಾಖಲೆ ರಿಪೇರಿ ಮಾಡೋ ಮಂದಿ ತೆಳ್ಳನ ಟಿಶ್ಯೂ ಕಾಗದ, ಗೋಧಿ ಹಿಟ್ಟಿನ ಗಂಜಿ ಅಂಟು ಬಳಸ್ತಾರ, ಯಾಕಂದ್ರ ನೀರು ಹಚ್ಚಿದ್ರ ಮತ್ತ ಬಿಡಸಬಹುದು. ಈ ಭಾಯಿಗಿ ಅಷ್ಟೆಲ್ಲಾ ಗೊತ್ತಿರಲಿಲ್ಲ, ಆದ್ರ ಒಂದು ಮಾತು ಹೇಳ್ದ, ಅದಕ್ಕೇ ನಾ ಇವನ ಹತ್ರ ನಿಂತೆ: "ಫೀಡರಿನಾಗ ಹಾಕಿದ್ರ ಹತ್ತು ನಿಮಿಷದ ಕೆಲಸ ಸರ್, ಆದ್ರ ನಿಮ್ ಹಾಳಿ ಹಪ್ಪಳ ಆಗ್ಯಾವ, ಒಂದೊಂದೇ ಗ್ಲಾಸ್ ಮ್ಯಾಲ ಇಟ್ಟು ಮಾಡಬೇಕಾಗ್ತದ, ನಾಕು ದಿನ ಬಿಟ್ಟು ಬರ್ರಿ." ಟಾಚಣಿ ಎಲ್ಲಾ ಕೂತು ಒಂದೊಂದೇ ತೆಗ್ದು ಬಿಳಿ ದಾರ ಕಟ್ಯಾನ. ಇದಕ್ಕ ರೊಕ್ಕ ತಗೊಂಡಿಲ್ಲ. ಸಾವಿರದ ಮ್ಯಾಲಿನ ಹಾಳಿ ಇದ್ವು, ಒಂದೂ ಹೊಸದಾಗಿ ಹರಿದಿಲ್ಲ, ನಾ ಎಣಿಸಿ ಕೊಟ್ಟಿದ್ದೆ ಎಣಿಸಿ ತಗೊಂಡೀನಿ.

ಇನ್ನೊಂದು ಸರ್ವಿಸು ಬೋರ್ಡಿನ ಮ್ಯಾಲ ಇಲ್ಲದ್ದು, ಭಾಯಿಯ ಅಬ್ಬಾ. ವಯಸ್ಸಾದವರು, ಸಂಜೀಕ ಅಂಗಡಿಗಿ ಬಂದು ಸ್ಟೂಲಿನ ಮ್ಯಾಲ ಕುಂದರ್ತಾರ. ಸಂದೂಕದ ತಳದಾಗ ಮುತ್ಯಾನ ಅಪ್ಪನ ಕಾಲದ ಒಂದಿಷ್ಟು ಉರ್ದು ಕಾಗದ ಇದ್ವು, ನಮ್ಮನಿದಾಗ ಯಾರಿಗೂ ಓದ್ಲಾಕ ಬರಂಗಿಲ್ಲ. ಅವರು ಕನ್ನಡಕ ಏರಿಸಿ ಫಡಫಡ ಓದಿ ಬಿಟ್ರು. ಒಂದರ ಮ್ಯಾಲ 1350 ಅಂತ ಇಸ್ವಿ ಇತ್ತು, ನಾ ಹೆದರಿದೆ ಬಹಮನಿ ಕಾಲದ್ದೇನಪ ಅಂತ, ಅವರು ನಕ್ಕು "ಫಸಲಿ ಬೇಟಾ ಅದು, 590 ಕೂಡ್ಸು" ಅಂದ್ರು. ಫಸಲಿ ಅಂದ್ರ ಕಂದಾಯ ಲೆಕ್ಕದ ಇಸ್ವಿ, ಕೂಡಿಸಿದ್ರ 1940ರ ಆಸುಪಾಸು, ನಿಜಾಮನ ಕಾಲದ ಕಂದಾಯ ರಸೀದಿ. ಇನ್ನೊಂದು 1952ರ ಮೊದಲ ಎಲೆಕ್ಷನ್ ಹ್ಯಾಂಡ್‌ಬಿಲ್ಲು, ಒಂದು ಕಡೆ ಉರ್ದು ಒಂದು ಕಡೆ ಕನ್ನಡ, ಯಾವ ಗುರುತಿನ ಡಬ್ಬಿಗಿ ಚೀಟಿ ಹಾಕಬೇಕು ಅಂತ. ಅವಾಗ ಒಬ್ಬೊಬ್ಬ ಅಭ್ಯರ್ಥಿಗಿ ಒಂದೊಂದು ಬ್ಯಾರೆ ಡಬ್ಬಿ ಇಡ್ತಿದ್ರು, ಗುರುತು ಡಬ್ಬಿ ಮ್ಯಾಲ ಇರ್ತಿತ್ತು. ಇದನ್ನ ಓದಿ ಹೇಳಿದ್ದಕ್ಕ ಏನರ ಕೊಡ್ಲಾಕ ಹೋದೆ, "ಒಂದು ಚಾ ಕುಡ್ಸು ಸಾಕು" ಅಂದ್ರು.

ಈಗ ಕಂಪ್ಲೇಂಟು. ಮೊದಲ ಸಲ ಕೊಟ್ಟ ಪೆನ್‌ಡ್ರೈವ್ ಮನಿಗಿ ತಂದು ಹಾಕಿದ್ರ ಎಲ್ಲಾ 150 ಡಿಪಿಐ ಜೆಪೆಗ್, ಕಾರ್ಬನ್ ಕಾಪಿ ಅಕ್ಷರ ಹೊಗಿ ಹಿಡ್ದಂಗ ಕಾಣ್ತಾವ. ನಾ ಮೊದ್ಲೇ 300 ಅಂತ ಹೇಳಿದ್ದೆ, ಹುಡುಗ ಕೇಳಿಸ್ಕೊಂಡಿಲ್ಲ. ಮತ್ತ ಹೋಗಿ ಜಗಳಾಡ್ದೆ, ಅರ್ಧ ಮತ್ತ ಮಾಡಿಕೊಟ್ಟ, ಮಾರಿ ಸಣ್ಣದು ಮಾಡ್ಕೊಂಡು. ಎರಡನೇದು ಫೈಲ್ ಹೆಸರು, ಸ್ಕ್ಯಾನ್ 1, ಸ್ಕ್ಯಾನ್ 2, ಹಿಂಗೇ ಸಾವಿರ ತನ. ಯಾವುದು ಯಾವ ತಿಂಗಳ ಮೀಟಿಂಗ್ ಅಂತ ಒಂದೊಂದು ತೆಗ್ದು ನೋಡೋದ್ರಾಗ ನನ್ನ ಎರಡು ಭಾನುವಾರ ಹೋದ್ವು, ಹೆಂಡ್ತಿ ಮಾತ ಬಿಟ್ಟಿದ್ಲು. ಮೂರನೇದು ಭಾಳ ನಮ್ ಕನ್ನಡದ್ದೇ ಆದ ತಾಪತ್ರಯ. ಅವನು ಪ್ರೀತಿಲಿಂದ ಒಂದು ಇಂಡೆಕ್ಸ್ ಟೈಪ್ ಮಾಡಿ ಕೊಟ್ಟಾನ, ಆದ್ರ ಹಳಿ ನುಡಿ ಫಾಂಟಿನಾಗ. ಅಂಗಡಿ ಕಂಪ್ಯೂಟರಿನಾಗ ಮುತ್ತಿನಂಗ ಕಾಣ್ತದ, ನನ್ನ ಮೊಬೈಲಿನಾಗ ತೆಗ್ದ್ರ ಯಾವ ದೇಶದ ಭಾಷಾ ಗೊತ್ತಾಗ್ಲಿಲ್ಲ. ಯುನಿಕೋಡ್ ಅಲ್ಲದ್ದು ಸರ್ಚಿಗೂ ಸಿಗಂಗಿಲ್ಲ. ನಮ್ ಸರ್ಕಾರಿ ಆಫೀಸಿನಾಗ ವರ್ಷಗಟ್ಲೆ ಹಿಂಗೇ ಟೈಪ್ ಮಾಡಿ ಇಟ್ಟದ್ದು ಎಷ್ಟು ಅದನೋ, ಕಾಗದಕ್ಕ ಒರಲಿ ಹತ್ತಿದಂಗ ಅವಕ್ಕ ಈ ಫಾಂಟು ಹತ್ತ್ಯಾದ. ಕನ್ವರ್ಟರ್ ಹಾಕಿ ಬದಲ್ ಮಾಡ್ಕೊಂಡೆ, ಒತ್ತಕ್ಷರ ಅಲ್ಲಲ್ಲಿ ಹಾರ್ಯಾವ. ಕೈಬರಹ ಮೊಬೈಲಿನಾಗ ಓದ್ಸಿ ನೋಡಿದ್ರ "ಠರಾವು" (ನಿರ್ಣಯ) ಅನ್ನೋದನ್ನ ಒಮ್ಮಿ "ಕರಾವಳಿ" ಅಂತ ಓದ್ತು, ಯಾದಗಿರಿ ಜಿಲ್ಲಾದಾಗ ಕರಾವಳಿ.

ಹೇಳೋಣೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದ್ದು ಮುಂದಿನ ಮಾತು. ಸ್ಕ್ಯಾನ್ ಮಾಡುವಾಗ ಭಾಯಿ ಫೋನ್ ಹಚ್ಚಿ "ಸರ್, ಒಂದು ಹಾಳಿ ಅದ, ಮಾಡ್ಲೋ ಬಿಡ್ಲೋ? ನಿಮ್ ಮುತ್ಯಾಂದು ಅದ" ಅಂದ. ಹೋಗಿ ನೋಡಿದೆ. 1988ರ ಒಂದು ಮೀಟಿಂಗು, ಮಂಡಲಕ್ಕ ಒಂದು ಬೋರ್ ಮಂಜೂರ್ ಆಗ್ಯಾದ, ಎಲ್ಲಿ ಹೊಡೀಬೇಕು ಅನ್ನೋದು ವಿಷಯ. ನಡಾವಳಿ ಭಾಷಾದಾಗ ಬರ್ದಾರ, ಸದರಿ ಬೋರನ್ನು ಪ್ರಧಾನರ ಮನೆಯ ಸಮೀಪ ಕೊರೆಸುವುದೆಂದು ಪ್ರಸ್ತಾಪ ಬಂದಿದ್ದು, ಸದಸ್ಯೆಯೊಬ್ಬರು ಕೆಳಗಿನ ಓಣಿಗೆ ಒಂದೂ ಬೋರು ಇರುವುದಿಲ್ಲವೆಂದು ವಿರೋಧಿಸಿದರು, ಬಹುಮತದಿಂದ ಮಂಜೂರು ಮಾಡಲಾಯಿತು. ಕೆಳಗ ಎಲ್ಲಾರ ಸೈನು, ಆಕಿಂದು ಹೆಬ್ಬಟ್ಟು, ಹೆಬ್ಬಟ್ಟಿನ ಪಕ್ಕದಾಗ ಸೆಕ್ರೆಟರಿ ಸಣ್ಣ ಅಕ್ಷರದಾಗ "ವಿರೋಧವಿದೆ" ಅಂತ ಬರ್ದಾನ. ಮುತ್ಯಾ ಹೇಳ್ತಿದ್ದ ಕಥಿದಾಗ ಆ ಬೋರು ಊರಿಗೆಲ್ಲಾ ನೀರು ಕುಡ್ಸಿದ ಬೋರು. ಅದು ನಮ್ಮನಿ ಮುಂದ ಯಾಕ ಅದ ಅಂತ ನಾವ್ಯಾರೂ ಯಾವತ್ತೂ ಕೇಳಿರಲಿಲ್ಲ, ನಾನು ಸಣ್ಣವಿದ್ದಾಗ ಅದರ ಹ್ಯಾಂಡಲ್ ಹಿಡ್ದು ಜೋತಾಡೀನಿ.

ಕಾಕಾಗ ಹೇಳಿದೆ. ಕಾಕಾ ಸಿಟ್ಟಿಗೆದ್ದ. "ಆ ಹಾಳಿ ತೆಗ್ದುಬಿಡು, ಇದು ನಮ್ಮಪ್ಪನ ಸಂದೂಕ, ಊರಿನ ಸಂದೂಕ ಅಲ್ಲ. ಸತ್ತವರ ಹೆಸರು ಬಜಾರಿನಾಗ ಇಡ್ತೀಯೇನು?" ನಾ ಅಂದೆ, "ಕಾಕಾ, ಪುಸ್ತಕದ ಮ್ಯಾಲ ಮಂಡಲದ ಸಿಕ್ಕಾ ಅದ." ಒಂದು ವಾರ ಫೋನ್ ಎತ್ತಲಿಲ್ಲ. ಸಿಟ್ಟಿನಾಗ ಕಾಕಾ ಹೇಳಿದ ಮಾತು ಭಾಳ ಹಳೀದು, ಭಾಳ ದೊಡ್ಡವರು ಭಿ ಹೇಳ್ಯಾರ. ಅಮೇರಿಕಾದಾಗ ಅಧ್ಯಕ್ಷ ಆದವ ಇಳಿದು ಹೋಗುವಾಗ ಕಾಗದ ಎಲ್ಲಾ ತಂದೇ ಸ್ವಂತ ಆಸ್ತಿ ಅಂತ ಒಯ್ತಿದ್ದ, ನಿಕ್ಸನ್ ರಾಜೀನಾಮಿ ಕೊಟ್ಟ ಮ್ಯಾಲ ಆ ಟೇಪು, ಕಾಗದ ಯಾರವು ಅಂತ ದೊಡ್ಡ ಜಗಳಾಗಿ, 1978ರಾಗ ಕಾಯ್ದೆ ಮಾಡಿದ್ರು. 1981ರ ಜನವರಿಯಿಂದ ಕೂತ ಅಧ್ಯಕ್ಷರ ದಾಖಲೆ ಎಲ್ಲಾ ಜನರ ಆಸ್ತಿ. ನಮ್ಮ ದೇಶದಾಗ ಭಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅದ, ಕೇಂದ್ರ ಸರ್ಕಾರದ ದಾಖಲೆ ಕಾಯ್ದೆ ಮೀರಿ ದೇಶದ ಹೊರಗ ಒಯ್ದವರಿಗಿ, ನಾಶ ಮಾಡಿದವರಿಗಿ ಐದು ವರ್ಷದ ತನ ಜೈಲು ಇಲ್ಲಾ ಹತ್ತು ಸಾವಿರದ ತನ ದಂಡ ಇಲ್ಲಾ ಎರಡೂ. ಕಾಕಾಗ ಜೈಲಿನ ಮಾತಷ್ಟೇ ಹೇಳ್ದೆ, ಕೇಂದ್ರ ಸರ್ಕಾರದ್ದು ಅನ್ನೋ ಭಾಗ ನುಂಗ್ದೆ. ಆಮ್ಯಾಲ ಕಾಕಾ ಸ್ವಲ್ಪ ತಣ್ಣಗಾದ.

ಹಾಳಿ ಸ್ಕ್ಯಾನ್ ಮಾಡ್ಸೀನಿ.

ಇಷ್ಟೆಲ್ಲಾ ಓಡಾಡುವಾಗ ಒಂದು ಮೋಜು ನೋಡಿದೆ. ಪಾರ್ಲಿಮೆಂಟಿನ ಡಿಜಿಟಲ್ ಲೈಬ್ರರಿ ಅಂತ ಅದ, ಫುಕಟ್ಟು, 1952ರಿಂದ ಲೋಕಸಭಾ ಚರ್ಚೆ ಎಲ್ಲಾ ಹಾಕ್ಯಾರ, ಸದಸ್ಯರ ಹೆಸರು ಹಾಕಿ ಹುಡುಕಬಹುದು. ಇದಕ್ಕ ನನ್ನ ರಿವ್ಯೂ ಒಂದೇ ಮಾತಿನಾಗ: ಮಲಗೋಕಿಂತ ಮೊದಲು ತೆಗೀಬ್ಯಾಡ್ರಿ, ಮುಂಜಾನಿ ಆಗ್ತದ. ಗುಲಬರ್ಗಾದಿಂದ 1952ರಾಗ ಮೊದಲು ಆರಿಸಿ ಹೋದವರು ಸ್ವಾಮಿ ರಮಾನಂದ ತೀರ್ಥರು, ನಿಜಾಮನ ವಿರುದ್ಧ ಹೋರಾಡಿದವರು, ಹುಟ್ಟಿದ್ದು ಸಿಂದಗಿದಾಗ. 1980ರ ಉಪಚುನಾವಣಾದಾಗ ಕೇರಳದ ಸಿ.ಎಂ. ಸ್ಟೀಫನ್ ಅವರನ್ನ ಇಲ್ಲಿಂದ ಆರಿಸಿ ಕಳಿಸೀವಿ, ಧರಂ ಸಿಂಗ್ ಅವರು ಗೆದ್ದ ಸೀಟು ಬಿಟ್ಟುಕೊಟ್ಟಿದ್ರು. ಇದನ್ನ ನನ್ನ ತಂಗಿ ಮಗಳಿಗಿ ಹೇಳಿದ್ರ ನಂಬ್ಲಿಲ್ಲ, ತೆಗ್ದು ತೋರ್ಸಿದೆ. ಆಕಿ 371(ಜೆ) ಸೀಟಿನಾಗ, ಅಂದ್ರ ಸಂವಿಧಾನದ ಪ್ರಕಾರ ನಮ್ ಕಡಿದವರಿಗಿ ಮೀಸಲಿಟ್ಟ ಸೀಟಿನಾಗ ಓದ್ಲಾಕತ್ತಾಳ, ಆ 98ನೇ ತಿದ್ದುಪಡಿ ಬಗ್ಗೆ 2012ರ ಡಿಸೆಂಬರಿನಾಗ ಲೋಕಸಭಾದಾಗ ಯಾರ್ಯಾರು ಏನೇನು ಮಾತಾಡ್ಯಾರ ಅಂತ ಕುಂತು ಓದಿದ್ಲು. ತನ್ನ ಸೀಟು ಎಲ್ಲಿಂದ ಬಂತು ಅಂತ ಮೊಬೈಲಿನಾಗ ಓದ್ಕೊಳ್ಳೋದು ಸಣ್ಣ ಮಾತಲ್ಲ ನೋಡ್ರಿ.

ಎಲೆಕ್ಷನ್ ಕಮಿಷನ್ನಿನ ಕಡೆ ಭಿ ಮೊದಲ ಚುನಾವಣೆಯಿಂದ ಯಾರಿಗೆಷ್ಟು ಓಟು ಅನ್ನೋ ವರದಿ ಅವ, ಸುಪ್ರೀಂ ಕೋರ್ಟಿನ ತೀರ್ಪು ಬಂದ ಮ್ಯಾಲ ಅಭ್ಯರ್ಥಿಗಳು ಆಸ್ತಿ, ಕೇಸು ಎಲ್ಲಾ ಬರ್ದು ಕೊಡೋ ಅಫಿಡವಿಟ್ಟು ಭಿ ಸಿಗ್ತಾವ. ನಮ್ ಜಿಲ್ಲಾದ ಇಬ್ಬರು ಮುಖ್ಯಮಂತ್ರಿ ಆಗ್ಯಾರ, ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ, ಜೇವರ್ಗಿಯ ಧರಂ ಸಿಂಗ್ ಅವರು 2004ರಾಗ. ಗುರುಮಠಕಲ್‌ನಿಂದ 1972ರಾಗ ಮೊದಲ ಸಲ ಎಮ್ಮೆಲ್ಲೆ ಆದ ಖರ್ಗೆಯವರು ಈಗ ಎಐಸಿಸಿ ಅಧ್ಯಕ್ಷರು. ಇವರೆಲ್ಲಾ ಸದನದಾಗ ಆಡಿದ ಮಾತು ಸದನದ ನಡಾವಳಿದಾಗ ಇದ್ದೇ ಇರ್ತಾವ. ಆದ್ರ 1952ರಿಂದ 56ರ ತನ ನಮ್ ಕಡಿ ಎಮ್ಮೆಲ್ಲೆಗಳು ಕೂತಿದ್ದು ಹೈದರಾಬಾದ್ ಅಸೆಂಬ್ಲಿದಾಗ, ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ ಇದ್ದಾಗ. 56ರ ನವೆಂಬರ್ ಒಂದಕ್ಕ ನಾವು ಮೈಸೂರು ರಾಜ್ಯಕ್ಕ ಬಂದಿವಿ, ನಮ್ ಮಾತು ಅಲ್ಲೇ ಉಳೀತು. ಹಳಿ ಹೈದರಾಬಾದ್ ಸಂಸ್ಥಾನದ ಕಾಗದ ನೋಡಬೇಕಂದ್ರ ಈಗ್ಲೂ ತಾರ್ನಾಕಾದಾಗಿನ ತೆಲಂಗಾಣ ಸ್ಟೇಟ್ ಆರ್ಕೈವ್ಸಿಗಿ ಹೋಗಬೇಕು, ಉರ್ದು ಬರೋರನ್ನ ಸಂಗಾಟ ಕರ್ಕೊಂಡು. ನಮ್ ಭಾಯಿಯ ಅಬ್ಬಾನ್ನ ಕರ್ಕೊಂಡು ಹೋಗಬೇಕು ಅಂತ ಮಾಡೀನಿ, ಅವರು ಮೊಣಕಾಲು ನೋವು ಅಂತಾರ.

ನನಗ ಚುಚ್ಚಿದ್ದು ಏನಂದ್ರ, ದಿಲ್ಲಿದಾಗ ಎಪ್ಪತ್ತು ವರ್ಷದ ಹಿಂದ ಆಡಿದ ಮಾತು ಎರಡು ನಿಮಿಷಕ್ಕ ಸಿಗ್ತದ, ನಮ್ಮೂರ ಗುಡಿ ಪಕ್ಕದ ಕೋಣಿದಾಗ 1988ರಾಗ ಆಡಿದ ಮಾತು ಒಂದು ಸಂದೂಕ ಸೋರದೆ ಇದ್ರೆ ಸಿಗ್ತದ, ಸೋರಿದ್ರೆ ಇಲ್ಲ. ನಾಯಕ ಎಷ್ಟು ಹತ್ರದವ ಇರ್ತಾನೋ ಅಂವನ ಕಾಗದ ಅಷ್ಟು ಲಗೂನ ಮಣ್ಣಾಗ್ತದ. ನಮಗ ಬೇಕಾಗೋದು ಮಾತ್ರ ಅದೇ, ಬೋರು ಎಲ್ಲಿ ಹೊಡೆದ್ರು, ಮನಿ ಯಾರಿಗಿ ಕೊಟ್ರು. ಈಗ ಪಂಚತಂತ್ರ ತಂತ್ರಾಂಶ ಬಂದ ಮ್ಯಾಲ ಗ್ರಾಮ ಪಂಚಾಯ್ತಿ ನಡಾವಳಿ ಕಂಪ್ಯೂಟರಿಗಿ ಏರ್ಲಾಕತ್ತ್ಯಾವ, ಕಂದಾಯ ಇಲಾಖೆದವರು ಭೂ ಸುರಕ್ಷಾ ಅಂತ ರೆಕಾರ್ಡ್ ರೂಮಿನ ಹಳಿ ಕಡತ ಸ್ಕ್ಯಾನ್ ಮಾಡ್ಲಾಕತ್ತಾರ, ಛೊಲೊ ಕೆಲಸ. ಆದ್ರ ಅದು ಹೊಲದ ಕಾಗದ. ಹೊಲದ ಕಾಗದಕ್ಕ ಎಲ್ಲಾರೂ ಕೋರ್ಟಿಗಿ ಹೋಗ್ತಾರ ಅದಕ್ಕೇ ಕಿಮ್ಮತ್ತು, ಮಂಡಲದ ಠರಾವಿಗಿ ಯಾರು ಕೋರ್ಟಿಗಿ ಹೋಗ್ತಾರ.

ಸ್ಕ್ಯಾನ್ ಆದದ್ದು ಮೂರು ಕಡೆ ಇಟ್ಟೀನಿ, ಒಂದು ಹಾರ್ಡ್‌ಡಿಸ್ಕು ನನ್ನ ಹತ್ರ, ಒಂದು ಬೀದರಿನಾಗ ಇರೋ ತಂಗಿ ಮನಿದಾಗ, ಒಂದು ಡ್ರೈವಿನಾಗ. ನಡಾವಳಿ, ಸುತ್ತೋಲೆ ಎಲ್ಲಾ ಇಂಟರ್ನೆಟ್ ಆರ್ಕೈವಿಗಿ ಹಾಕ್ಲಾಕ ತಯಾರಿ ಮಾಡೀನಿ. ಜನತಾ ಮನಿ ಲಿಸ್ಟು, ಮಸ್ಟರ್ ರೋಲ್ ಹಾಕಂಗಿಲ್ಲ, ಅದರಾಗ ಯಾರ ಹೆಸರು ಯಾವ ಜಾತಿ ಎಷ್ಟು ಸಾಲ ಎಲ್ಲಾ ಅದ, ಅವರ ಮಕ್ಕಳು ಮೊಮ್ಮಕ್ಕಳು ಊರಾಗೇ ಇದ್ದಾರ. ಆರಿಸಿ ಬಂದವನ ಲೆಕ್ಕ ಕೇಳಬಹುದು, ಕೂಲಿ ಮಾಡಿದವನ ಲೆಕ್ಕ ಬಜಾರಿಗಿ ಇಡೋದು ಬ್ಯಾರೆ ಮಾತು. ಅಸಲಿ ಪುಸ್ತಕ ಪಂಚಾಯ್ತಿಗಿ ವಾಪಸ್ ಕೊಡ್ಲಾಕ ಹೋಗಿದ್ದೆ. ತಗೊಳ್ಲಾಕ ಯಾರೂ ತಯಾರಿಲ್ಲ, "ಇದು ನಮ್ ದಾಸ್ತಾನಿನಾಗ ಇಲ್ರಿ, ಇಲ್ಲದ್ದು ಹ್ಯಾಂಗ ತಗೋಬೇಕು" ಅಂತಾರ. ಲಿಖಿತ ಕೊಡ್ರಿ ಅಂದೆ, ಸಾಹೇಬ್ರು ರಜಾ ಮ್ಯಾಲ ಅದಾರ. ಸದ್ಯ ನನ್ನ ಅಲ್ಮಾರಿದಾಗ ಹತ್ತಿ ಬಟ್ಟಿದಾಗ ಸುತ್ತಿ ಇಟ್ಟೀನಿ, ನೆಲದಿಂದ ಮ್ಯಾಲ, ಗ್ವಾಡಿಗಿ ತಾಕದಂಗ.

ರೇಟಿಂಗ್ ಕೇಳಿದ್ರ ಐದಕ್ಕ ನಾಕು. ಒಂದು ಕಟ್ ಮಾಡಿದ್ದು ನುಡಿ ಫಾಂಟಿಗಿ, ಅಬ್ಬಾ ಇಲ್ಲದಿದ್ರ ಇನ್ನೊಂದು ಅರ್ಧ ಕಟ್ ಮಾಡ್ತಿದ್ದೆ. ಹೋಗೋರಿಗಿ ಹೇಳೋದು, ಗುರುತು ಹಿಡ್ದು ಹೋಗೋದಿದ್ರ ಮುಂಜಾನಿ ಹನ್ನೊಂದರ ಒಳಗ ಹೋಗ್ರಿ, ಆಮ್ಯಾಲ ಕಾಲೇಜು ಹುಡುಗ್ರು ಹಾಲ್ ಟಿಕೆಟ್ ಪ್ರಿಂಟಿಗಿ ಮುತ್ತ್ಕೊಂಡಿರ್ತಾರ. ಶುಕ್ರವಾರ ಮಧ್ಯಾಹ್ನ ಬಂದ್. ಗಾಡಿ ನಿಲ್ಸಾಕ ಜಾಗಾ ಇಲ್ಲ. ಹಾಳಿ ಎಣಿಸಿ ನಂಬರ್ ಹಾಕಿ ಒಯ್ರಿ, ಪೆನ್ಸಿಲ್ಲಿಲೆ ಹಾಕ್ರಿ, ಪೆನ್ನಿಲೆ ಬ್ಯಾಡ. 300 ಡಿಪಿಐ ಅಂತ ಚೀಟಿ ಮ್ಯಾಲ ಬರ್ದು ಹುಡುಗನ ಕೈದಾಗ ಕೊಡ್ರಿ, ಬಾಯಿಲೆ ಹೇಳಿದ್ರ ಉಪಯೋಗಿಲ್ಲ, ಫೈಲ್ ಹೆಸರು ಇಸ್ವಿ ತಿಂಗಳು ಹಾಕ್ಸ್ರಿ. ಡೈರಿ ಮೂರು ಇನ್ನೂ ಮಾಡ್ಸಿಲ್ಲ, ಹೊಲಿಗಿ ಬಿಚ್ಚದೆ ಮಾಡ್ಲಾಕ ಮ್ಯಾಲಿಂದ ಫೋಟೋ ಹೊಡಿಯೋ ಸ್ಟ್ಯಾಂಡ್ ತರಸ್ತೀನಿ ಅಂದಾನ ಭಾಯಿ, ದೀಪಾವಳಿ ಆದ ಮ್ಯಾಲ ಬಾ ಅಂದಾನ.

ನಿನ್ನೆ ಕಾಕಾ ಫೋನ್ ಮಾಡಿದ್ದ. ಅದು ಇದು ಮಾತಾಡಿ, ಹೊಲ, ತೊಗರಿ ರೇಟು, ಕಡೀಕ ಮೆಲ್ಲಗ ಕೇಳ್ದ, "ಆ ಬೋರಿನ ಹಾಳಿದಾಗ ವಿರೋಧ ಮಾಡಿದ್ದು ಯಾರಪ, ಹೆಸರು ಓದ್ಲಾಕ ಬರ್ತದೇನು?" ಬರ್ತದ ಅಂದೆ. ವಾಟ್ಸಾಪ್ ಮಾಡು ಅಂದ.